ಕೈ ಹಿಡಿದವರಿಗೆ ಗಡಿಯ ತಡೆ

ಅಮೆರಿಕದಲ್ಲಿ ಅಪ್ಪಣೆಯಿಲ್ಲದೆ ನೆಲಸಿರುವ ಪರದೇಶೀಯನೊಬ್ಬನು ಅಲ್ಲಿಯ ಪ್ರಜೆಯೊಬ್ಬಳ ಕೈ ಹಿಡಿದರೆ ಸಾಕು, ಅವನ ಕಷ್ಟಗಳೆಲ್ಲ ಬಗೆಹರಿದು ಗ್ರೀನ್ ಕಾರ್ಡು ತಾನಾಗಿ ಮನೆಬಾಗಿಲಿಗೆ ಬರುತ್ತದೆಂದು ನಂಬುವವರು ಇಲ್ಲಿಯೂ ಇದ್ದಾರೆ, ಅಲ್ಲಿಯೂ ಇದ್ದಾರೆ. ಈ ನಂಬಿಕೆಯನ್ನು ಬೆಳೆಸಿದ ಕೀರ್ತಿಯಲ್ಲಿ ಚಲಚ್ಚಿತ್ರಗಳಿಗೂ ಪಾಲುಂಟು. 1990ರಲ್ಲಿ ತೆರೆಕಂಡ ‘ಗ್ರೀನ್ ಕಾರ್ಡ್’ ಎಂಬ ಚಿತ್ರದಲ್ಲಿ ಫ್ರಾನ್ಸಿನವನೊಬ್ಬ ಅಮೆರಿಕದ ಹೆಣ್ಣೊಬ್ಬಳನ್ನು ಕಾಗದದ ಮೇಲೆ ಮದುವೆಯಾಗುತ್ತಾನೆ. ಅಧಿಕಾರಿಗಳ ಪ್ರಶ್ನೆಗೆ ಹೆದರಿ ಇಬ್ಬರೂ ಪರಸ್ಪರರ ಅಭ್ಯಾಸಗಳನ್ನು ಪರೀಕ್ಷೆಗೆ ಕುಳಿತ ಹುಡುಗರಂತೆ ಉರುಹೊಡೆಯುತ್ತಾರೆ. ಜನ ನಕ್ಕು ಮನೆಗೆ ಹೋದರು. ಚಿತ್ರದ ಕೊನೆಯಲ್ಲಿ ಆ ಗಂಡನನ್ನು ದೇಶದಿಂದ ಹೊರಗೆ ಕಳುಹಿಸುತ್ತಾರೆಂಬುದನ್ನು ಮಾತ್ರ ಬೇಗನೆ ಮರೆತುಬಿಟ್ಟರು.

ಮದುವೆಯಿಂದ ನಿಜವಾಗಿ ದೊರೆಯುವುದೇನು? ಒಂದು ಅರ್ಜಿಯನ್ನು ಸಲ್ಲಿಸುವ ಹಕ್ಕು. ಅಷ್ಟೇ. ಪ್ರಜೆಯಾದ ಹೆಂಡತಿ ಅಥವಾ ಗಂಡ ‘ಐ-130’ ಎಂಬ ನಮೂನೆಯನ್ನು ತುಂಬಿ, ಈತ ನನ್ನ ಪತಿ, ಅಥವಾ ಈಕೆ ನನ್ನ ಪತ್ನಿ, ಎಂದು ಸರಕಾರಕ್ಕೆ ನಿವೇದಿಸಿಕೊಳ್ಳಬೇಕು. ಸರಕಾರ ವಿಚಾರಿಸಿ, ಹೌದು, ಇದು ಸಾಚಾ ವಿವಾಹ ಎಂದು ಒಪ್ಪಬಹುದು. ಆದರೆ ಹಾಗೆ ಒಪ್ಪಿದ ಮಾತ್ರಕ್ಕೆ ಆ ವ್ಯಕ್ತಿಗೆ ದೇಶದಲ್ಲಿ ಉಳಿಯುವ ಅಧಿಕಾರ ಬಂದಂತಾಗುವುದಿಲ್ಲ. ಮದುವೆ ನಿಜ, ದಾಂಪತ್ಯ ನಿಜ, ಮಕ್ಕಳೂ ನಿಜ; ಆದರೂ ಗಂಡನಿಗೆ ಆ ನೆಲದಲ್ಲಿ ಕಾಲೂರುವ ಹಕ್ಕಿಲ್ಲ!

ಹಾಗಾದರೆ ಹಕ್ಕು ನಿಂತಿರುವುದು ಯಾವುದರ ಮೇಲೆ? ವಕೀಲರ ಕಚೇರಿಗೆ ಹೋದ ದಂಪತಿಗಳಿಗೆ ಎದುರಾಗುವ ಮೊದಲನೆಯ ಪ್ರಶ್ನೆ ಪ್ರೇಮದ್ದಲ್ಲ, ವಿವಾಹದ್ದೂ ಅಲ್ಲ. “ನೀವು ಈ ದೇಶದೊಳಕ್ಕೆ ಬಂದದ್ದು ಹೇಗೆ?” ಎಂಬುದೇ ಆ ಪ್ರಶ್ನೆ.

ಬಾಗಿಲಿನಿಂದ ಬಂದವರು, ಬೇಲಿ ದಾಟಿದವರು

ಇಬ್ಬರು ತರುಣರನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಬೆಂಗಳೂರಿನಿಂದ ವಿದ್ಯಾರ್ಥಿ ವೀಸಾ ಪಡೆದು ವಿಮಾನದಲ್ಲಿ ಹೋದವನು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅವನ ರಹದಾರಿಯನ್ನು ನೋಡಿ ಒಳಗೆ ಬಿಟ್ಟ. ಮುಂದೆ ಓದು ಕೆಟ್ಟಿತು, ಅನುಮತಿ ಮುಗಿಯಿತು, ಹಿಂದಿರುಗಲು ಮುಖವಿಲ್ಲದೆ ಅಲ್ಲಿಯೇ ಉಳಿದ, ಅಲ್ಲಿ ಇಲ್ಲಿ ಕೆಲಸವನ್ನೂ ಮಾಡಿದ. ಇನ್ನೊಬ್ಬ ಮೆಕ್ಸಿಕೋದವನು. ಇಪ್ಪತ್ತನೆಯ ವಯಸ್ಸಿನಲ್ಲಿ ಆರಿಜೋನಾದ ಮರುಭೂಮಿಯನ್ನು ರಾತ್ರಿಯ ವೇಳೆ ನಡೆದು ದಾಟಿದ. ಇಪ್ಪತ್ತು ವರ್ಷ ಮನೆಗಳ ಮಾಡು ಹೊದಿಸುವ ಕೆಲಸ ಮಾಡಿದ, ತೆರಿಗೆ ಕಟ್ಟಿದ, ಯಾರ ತಂಟೆಗೂ ಹೋಗಲಿಲ್ಲ. ಇಬ್ಬರೂ ಅಮೆರಿಕದ ಪ್ರಜೆಗಳನ್ನು ಪ್ರೀತಿಸಿ ಮದುವೆಯಾದರು.

ಕಾಯಿದೆಯ ಕಣ್ಣಿನಲ್ಲಿ ಇವರಿಬ್ಬರೂ ಒಂದೇ ಅಲ್ಲ. ಅಧಿಕಾರಿಯ ತಪಾಸಣೆಗೆ ಒಳಪಟ್ಟು ಪ್ರವೇಶ ಪಡೆದವನು, ಅವಧಿ ಮೀರಿ ಉಳಿದಿದ್ದರೂ, ಅಪ್ಪಣೆಯಿಲ್ಲದೆ ದುಡಿದಿದ್ದರೂ, ಅಮೆರಿಕದ ಪ್ರಜೆಯ ಪತಿಯಾದ ಕಾರಣ ಆ ತಪ್ಪುಗಳಿಗೆ ಮಾಫಿ ಪಡೆಯುತ್ತಾನೆ. ಬೇರೆ ದೋಷಗಳಿಲ್ಲದಿದ್ದರೆ ದೇಶದೊಳಗೆ ಕುಳಿತಂತೆಯೇ ಖಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು. ಪ್ರಜೆಗಳ ಗಂಡಹೆಂಡಿರಿಗೆ ವಾರ್ಷಿಕ ಸಂಖ್ಯೆಯ ಮಿತಿಯೂ ಇಲ್ಲ. ಉದ್ಯೋಗದ ದಾರಿಯಲ್ಲಿ ಗ್ರೀನ್ ಕಾರ್ಡಿಗಾಗಿ ದಶಕಗಳ ಕಾಲ ಸಾಲಿನಲ್ಲಿ ನಿಂತಿರುವ ಭಾರತೀಯ ಇಂಜಿನಿಯರುಗಳಿಗೆ ಇದು ಹೊಟ್ಟೆಕಿಚ್ಚಿನ ವಿಷಯವಾದರೆ ಆಶ್ಚರ್ಯವಿಲ್ಲ. ಬೇಲಿ ದಾಟಿ ಬಂದವನಿಗೆ ಈ ಸೌಲಭ್ಯವಿಲ್ಲ. ಅವನನ್ನು ಯಾವ ಅಧಿಕಾರಿಯೂ ನೋಡಿರಲಿಲ್ಲ. ಆದ್ದರಿಂದ ಕಾಯಿದೆಯ ಪಾಲಿಗೆ ಅವನು ಒಳಗೆ ಬಂದೇ ಇಲ್ಲ. ಅವನು ದೇಶವನ್ನು ಬಿಟ್ಟು, ತನ್ನ ಹುಟ್ಟುನಾಡಿನ ಅಮೆರಿಕನ್ ಕಾನ್ಸಲ್ ಕಚೇರಿಗೆ ಹೋಗಿ, ವಲಸೆಯ ವೀಸಾ ಬೇಡಿ ಮತ್ತೆ ಬರಬೇಕು.

ಹೋಗಿ ಬಂದರಾಯಿತಲ್ಲ ಎನ್ನಬಹುದು. ಅಲ್ಲಿಯೇ ಇದೆ ಉರುಳು.

1996ರ ಸೆಪ್ಟೆಂಬರ್ 30ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಒಂದು ಶಾಸನಕ್ಕೆ ಸಹಿ ಹಾಕಿದರು. ಅಕ್ರಮ ವಲಸೆಯನ್ನು ತಡೆಗಟ್ಟುವುದು ಅದರ ಉದ್ದೇಶ. 1997ರ ಏಪ್ರಿಲ್ 1ರಿಂದ ಮೊದಲ್ಗೊಂಡು, 180 ದಿನಗಳಿಗಿಂತ ಹೆಚ್ಚು ಕಾಲ ಅಪ್ಪಣೆಯಿಲ್ಲದೆ ಉಳಿದು ದೇಶ ಬಿಟ್ಟವನಿಗೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದು ದೇಶ ಬಿಟ್ಟವನಿಗೆ 10 ವರ್ಷ ಮರುಪ್ರವೇಶವಿಲ್ಲವೆಂದು ಆ ಶಾಸನ ವಿಧಿಸಿತು. ಹದಿನೆಂಟು ತುಂಬುವ ಮುಂಚಿನ ದಿನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ನಿಷೇಧದ ಚಮತ್ಕಾರವಿರುವುದು ‘ದೇಶ ಬಿಟ್ಟವನಿಗೆ’ ಎಂಬ ಮಾತಿನಲ್ಲಿ. ಒಳಗಿರುವವರೆಗೆ ಅದು ಮಲಗಿರುತ್ತದೆ. ಹೊಸ್ತಿಲು ದಾಟಿದೊಡನೆ ಎದ್ದು ಬಾಗಿಲು ಮುಚ್ಚುತ್ತದೆ. ಒಳಗಿದ್ದು ಅರ್ಜಿ ಹಾಕುವಂತಿಲ್ಲ, ಅರ್ಜಿಗಾಗಿ ಹೊರಗೆ ಹೋದರೆ ಹತ್ತು ವರ್ಷ ಹೆಂಡತಿ ಮಕ್ಕಳ ಮುಖ ನೋಡುವಂತಿಲ್ಲ. ಅಕ್ರಮವಾಗಿ ನೆಲಸಿದವರನ್ನು ಹೊರಗೆ ಕಳುಹಿಸಲೆಂದು ಮಾಡಿದ ಕಾಯಿದೆ, ಹೊರಗೆ ಹೋಗಿ ಕ್ರಮವಾಗಿ ಬರಲು ಸಿದ್ಧರಿದ್ದ ಲಕ್ಷಾಂತರ ಮಂದಿಯನ್ನು ಒಳಗೇ ಹುದುಗಿ ಕೂರುವಂತೆ ಮಾಡಿತು. ಕಾಯಿದೆ ಬರೆದವರು ಇದನ್ನು ಊಹಿಸಿರಲಿಲ್ಲವೆಂದರೆ ಅವರ ಬುದ್ಧಿಯ ಬಗೆಗೆ ಸಂದೇಹ; ಊಹಿಸಿದ್ದರೆಂದರೆ ಹೃದಯದ ಬಗೆಗೆ.

ಇದಕ್ಕಿಂತ ಕಠೋರವಾದ ಇನ್ನೊಂದು ವಿಧಿಯೂ ಉಂಟು. ತಾಯಿ ಸತ್ತಳೆಂಬ ಸುದ್ದಿ ಕೇಳಿ ಊರಿಗೆ ಓಡಿ, ಮಣ್ಣು ಮಾಡಿ, ಮತ್ತೆ ಕದ್ದು ಗಡಿ ದಾಟಿ ಬಂದವನನ್ನು ನೆನೆಯಿರಿ. ಹಿಂದೆ ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಕ್ರಮವಾಗಿ ಇದ್ದವನು ಹೀಗೆ ಎರಡನೆಯ ಬಾರಿ ಬಂದರೆ ನಿಷೇಧ ಶಾಶ್ವತ. ಹತ್ತು ವರ್ಷ ಹೊರಗೆ ಕಳೆದ ಮೇಲೆ, ‘ಅರ್ಜಿ ಹಾಕಲೇ?’ ಎಂದು ಅಪ್ಪಣೆ ಕೇಳುವ ಅವಕಾಶ ಮಾತ್ರ ಅವನಿಗಿದೆ. ಹೆಂಡತಿಯ ಕಣ್ಣೀರಿಗೆ ಅಲ್ಲಿ ಬೆಲೆಯಿಲ್ಲ.

ಅತಿಶಯ ಸಂಕಟದ ತಕ್ಕಡಿ

ಮೂರು ಮತ್ತು ಹತ್ತು ವರ್ಷಗಳ ನಿಷೇಧದಿಂದ ಪಾರಾಗಲು ಒಂದು ಕಿರುದಾರಿಯನ್ನು ಕಾಯಿದೆ ಬಿಟ್ಟಿದೆ. ಗಂಡನನ್ನು ಒಳಗೆ ಬಿಡದಿದ್ದರೆ ಪ್ರಜೆಯಾದ ಅಥವಾ ಖಾಯಂ ನಿವಾಸಿಯಾದ ಪತ್ನಿಗೆ, ಇಲ್ಲವೆ ಅವನ ತಂದೆತಾಯಿಗಳಿಗೆ, ‘ಅತಿಶಯವಾದ ಸಂಕಟ’ ಉಂಟಾಗುತ್ತದೆಂದು ರುಜುವಾತು ಮಾಡಿದರೆ ಸರಕಾರ ತನ್ನ ವಿವೇಚನೆಯಂತೆ ವಿನಾಯಿತಿ ಕೊಡಬಹುದು. ಓದುಗರು ಗಮನಿಸಬೇಕಾದ ಒಂದು ಅಂಶವಿದೆ: ಈ ಪಟ್ಟಿಯಲ್ಲಿ ಮಕ್ಕಳಿಲ್ಲ. ಅಮೆರಿಕದಲ್ಲಿಯೇ ಹುಟ್ಟಿ ಅಲ್ಲಿಯ ಪ್ರಜೆಯಾದ ಐದು ವರ್ಷದ ಕೂಸು ತಂದೆಯಿಲ್ಲದೆ ಅಳುವುದು ತನ್ನಷ್ಟಕ್ಕೆ ಕಾಯಿದೆಯ ತಕ್ಕಡಿಗೆ ಬೀಳುವುದಿಲ್ಲ. ಆ ಕೂಸಿನ ಅಳುವಿನಿಂದ ತಾಯಿಗೆ ಎಷ್ಟು ಸಂಕಟವಾಯಿತೆಂದು ತೋರಿಸಿದರೆ ಮಾತ್ರ ಬೀಳುತ್ತದೆ.

ಸಂಕಟವನ್ನು ತೋರಿಸುವುದಾದರೂ ಹೇಗೆ? ಅಗಲಿಕೆಯ ದುಃಖ, ಸಂಪಾದನೆಯ ನಷ್ಟ, ಮನೆ ನಡೆಸುವ ಕಷ್ಟ, ಇವು ಇಂತಹ ಸಂದರ್ಭದಲ್ಲಿ ಎಲ್ಲರಿಗೂ ಇರುವಂಥವು. ಇವುಗಳಿಂದಲೇ ಅದು ಅತಿಶಯವಾಗಲಾರದೆಂದು ವಲಸೆಯ ಮೇಲ್ಮನವಿ ಮಂಡಳಿ ಹಲವು ಬಾರಿ ಹೇಳಿದೆ. ಆದ್ದರಿಂದ ದಂಪತಿಗಳು ತಮ್ಮ ಬಾಳಿನ ಗೋಳನ್ನೆಲ್ಲ ದಫ್ತರದಲ್ಲಿ ಪೇರಿಸಬೇಕು. ಹೆಂಡತಿಯ ಸಕ್ಕರೆ ಕಾಯಿಲೆಗೆ ವೈದ್ಯರ ಪತ್ರ, ನಿದ್ರೆಯಿಲ್ಲದ ರಾತ್ರಿಗಳಿಗೆ ಮನಶ್ಶಾಸ್ತ್ರಜ್ಞರ ವರದಿ, ಸಾಲದ ಪತ್ರಗಳು, ಅತ್ತೆಯ ಪಾರ್ಶ್ವವಾಯು, ಮಗನ ಶಾಲೆಯಿಂದ ಬಂದ ಓಲೆ, ಗಂಡನ ಊರಿನಲ್ಲಿ ನಡೆಯುವ ಕೊಲೆಸುಲಿಗೆಗಳ ಪತ್ರಿಕಾ ವರದಿ. ಆರೋಗ್ಯವಾಗಿರುವ, ಧೈರ್ಯವುಳ್ಳ, ಕೈಲಾದಷ್ಟು ಸಂಪಾದಿಸುವ ಹೆಣ್ಣಿನ ಅರ್ಜಿಗಿಂತ ರೋಗಪೀಡಿತಳ ಅರ್ಜಿಗೆ ಬಲ ಹೆಚ್ಚು. ಗಟ್ಟಿಗಿತ್ತಿಯಾಗಿ ಬದುಕಿದ್ದೇ ಅಪರಾಧವಾಯಿತೇ ಎಂದು ಅಂತಹವಳು ಕೇಳಿದರೆ ವಕೀಲನ ಬಳಿ ಉತ್ತರವಿಲ್ಲ.

ಮೊದಮೊದಲು ಈ ವಿನಾಯಿತಿಯನ್ನು ದೇಶ ಬಿಟ್ಟ ಮೇಲೆಯೇ ಕೇಳಬೇಕಾಗಿತ್ತು. ಮೆಕ್ಸಿಕೋದವರ ವಲಸೆ ವೀಸಾಗಳ ಕೆಲಸ ಬಹುಕಾಲದಿಂದ ನಡೆಯುತ್ತಿರುವುದು ಸಿಯುದಾದ್ ಹ್ವಾರೆಸ್ ಎಂಬ ಗಡಿನಗರದಲ್ಲಿ. ರಿಯೋ ಗ್ರಾಂದೆ ನದಿಯ ಈಚೆಗೆ ಅಮೆರಿಕದ ಎಲ್ ಪಾಸೋ, ಆಚೆಗೆ ಹ್ವಾರೆಸ್, ನಡುವೆ ಸೇತುವೆ. ವಿನಾಯಿತಿ ಸಿಗುವುದೋ ಇಲ್ಲವೋ ತಿಳಿಯದೆಯೇ ಗಂಡ ಆ ಸೇತುವೆಯನ್ನು ದಾಟಬೇಕಾಗಿತ್ತು. ಸಿಕ್ಕರೆ ತಿಂಗಳುಗಳ ಅಗಲಿಕೆ, ಸಿಗದಿದ್ದರೆ ಹತ್ತು ವರ್ಷ. ಇದೊಂದು ಜೂಜು. ಎಷ್ಟೋ ದಂಪತಿಗಳು ಜೂಜಿಗೆ ಒಪ್ಪದೆ ಕತ್ತಲಲ್ಲಿಯೇ ಉಳಿದರು. 2013ರ ಮಾರ್ಚ್ 4ರಿಂದ ಈ ಕ್ರಮ ಬದಲಾಯಿತು. ಪ್ರಜೆಗಳ ಪತಿಪತ್ನಿಯರು ದೇಶದೊಳಗಿದ್ದೇ ತಾತ್ಕಾಲಿಕ ವಿನಾಯಿತಿ ಪಡೆದು ಅನಂತರ ಹೊರಡಬಹುದೆಂದಾಯಿತು. 2016ರಲ್ಲಿ ಇದು ಖಾಯಂ ನಿವಾಸಿಗಳ ಸಂಗಾತಿಗಳಿಗೂ ವಿಸ್ತರಿಸಿತು. ಸುಧಾರಣೆಯೇನೋ ಹೌದು. ಆದರೆ ಒಂದೊಂದು ಅರ್ಜಿಯ ತೀರ್ಮಾನಕ್ಕೆ ವರ್ಷಗಳೇ ಹಿಡಿಯುತ್ತವೆ. ಸೇತುವೆಯ ಆಚೆ ಕುಳಿತ ಕಾನ್ಸಲ್ ಅಧಿಕಾರಿ ಹೊಸದೊಂದು ದೋಷವನ್ನು ಕಂಡುಹಿಡಿದನೆಂದರೆ, ತಾತ್ಕಾಲಿಕ ವಿನಾಯಿತಿ ತನ್ನಷ್ಟಕ್ಕೆ ರದ್ದಾಗುತ್ತದೆ.

ಹಾಸಿಗೆಯ ಯಾವ ಮಗ್ಗುಲು?

ದೇಶದೊಳಗೇ ಅರ್ಜಿ ಹಾಕಬಲ್ಲ ಭಾಗ್ಯವಂತರಿಗೂ ಕಂಟಕವಿಲ್ಲದಿಲ್ಲ. ಸುಳ್ಳು ಮದುವೆಗಳು ಇವೆ. ಹಣಕ್ಕಾಗಿ ಹಸ್ತಾಕ್ಷರ ಹಾಕುವವರೂ ಇದ್ದಾರೆ. ಅವರನ್ನು ಹಿಡಿಯಲೆಂದು 1986ರಲ್ಲಿ ಪ್ರತ್ಯೇಕ ಶಾಸನವೇ ಬಂತು. ಮೋಸದ ಮದುವೆಗೆ 5 ವರ್ಷದವರೆಗೆ ಸೆರೆ, 2,50,000 ಡಾಲರುಗಳವರೆಗೆ ದಂಡ. ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಮೊದಲು ಷರತ್ತಿನ ನಿವಾಸ ಮಾತ್ರ ದೊರೆಯುತ್ತದೆ. ಎರಡು ವರ್ಷ ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡಹೆಂಡಿರಿಬ್ಬರೂ ಸೇರಿ ‘ನಾವಿನ್ನೂ ಸಂಸಾರ ಮಾಡುತ್ತಿದ್ದೇವೆ’ ಎಂದು ಮತ್ತೆ ಅರ್ಜಿ ಹಾಕಬೇಕು. ಇದರಿಂದ ಹೊಡೆಯುವ ಗಂಡನ ಕೈಗೆ ಇನ್ನೊಂದು ಬೆತ್ತ ಸಿಕ್ಕಂತಾಯಿತು. “ಬಾಯಿ ಬಿಟ್ಟರೆ ಸಹಿ ಹಾಕುವುದಿಲ್ಲ” ಎಂದರೆ ಸಾಕಲ್ಲ! 1990ರಲ್ಲಿ ಇಂತಹವರಿಗೆ ಒಂಟಿಯಾಗಿ ಅರ್ಜಿ ಹಾಕುವ ದಾರಿಯನ್ನು ಮಾಡಿದರು. 1994ರ ಮಹಿಳಾ ದೌರ್ಜನ್ಯ ವಿರೋಧಿ ಶಾಸನವು ಮೊದಲ ಅರ್ಜಿಯನ್ನೇ ಪೀಡಿತರು ಗಂಡನಿಗೆ ತಿಳಿಸದೆ ಸಲ್ಲಿಸಲು ಎಡೆಮಾಡಿಕೊಟ್ಟಿತು.

ಸಂದರ್ಶನದ ಕೋಣೆಯಲ್ಲಿ ಸಂದೇಹ ಹುಟ್ಟಿದರೆ ಗಂಡಹೆಂಡಿರನ್ನು ಬೇರೆಬೇರೆಯಾಗಿ ಕೂರಿಸಿ ಅದದೇ ಪ್ರಶ್ನೆಗಳನ್ನು ಕೇಳುತ್ತಾರೆ. ಹಾಸಿಗೆಯ ಯಾವ ಮಗ್ಗುಲಲ್ಲಿ ಯಾರು ಮಲಗುತ್ತಾರೆ? ಅಡಿಗೆಮನೆಯ ಪರದೆಯ ಬಣ್ಣ ಯಾವುದು? ನಿನ್ನೆ ರಾತ್ರಿ ಏನು ಉಂಡಿರಿ? ನ್ಯೂಯಾರ್ಕಿನಲ್ಲಿ ಇದಕ್ಕೆ ‘ಸ್ಟೋಕ್ಸ್ ಸಂದರ್ಶನ’ವೆಂದೇ ಹೆಸರು, 1970ರ ದಶಕದ ಮೊಕದ್ದಮೆಯೊಂದರಿಂದ ಬಂದದ್ದು. ಮೂವತ್ತು ವರ್ಷ ಸಂಸಾರ ಮಾಡಿದ ನಮ್ಮ ಎಷ್ಟು ಮಂದಿ ಗಂಡಸರು ಅಡಿಗೆಮನೆಯ ಪರದೆಯ ಬಣ್ಣವನ್ನು ತಪ್ಪಿಲ್ಲದೆ ಹೇಳಿಯಾರು ಎಂಬುದು ಬೇರೆ ಮಾತು.

ಹಣದ ವಿಚಾರವೂ ಒಂದಿದೆ. ಅರ್ಜಿ ಹಾಕಿದ ಪ್ರಜೆ, ಸರಕಾರ ನಿಗದಿ ಮಾಡಿದ ಬಡತನದ ಗೆರೆಯ ಶೇಕಡ 125ರಷ್ಟು ವರಮಾನ ತನಗಿದೆಯೆಂದು ತೋರಿಸಿ, ಸಂಗಾತಿಯ ಪೋಷಣೆಗೆ ಮುಚ್ಚಳಿಕೆ ಬರೆದುಕೊಡಬೇಕು. ಆ ಸಂಗಾತಿ ಪ್ರಜೆಯಾಗುವವರೆಗೆ, ಅಥವಾ ಸುಮಾರು ಹತ್ತು ವರ್ಷಗಳ ದುಡಿಮೆಯ ಲೆಕ್ಕ ತುಂಬುವವರೆಗೆ, ಮುಚ್ಚಳಿಕೆ ಊರ್ಜಿತ. ವಿವಾಹ ವಿಚ್ಛೇದನವಾದರೂ ಅದು ಬಿಡುವುದಿಲ್ಲ! ಮದುವೆ ಮುರಿದೀತು, ಮುಚ್ಚಳಿಕೆ ಮುರಿಯದು.

ಪತಿಯಿಂದ ಪೌರತ್ವ ಕಳೆದುಕೊಂಡವರು

ದಾಂಪತ್ಯಕ್ಕೂ ಗಡಿಗೂ ಅಮೆರಿಕದಲ್ಲಿ ನಡೆದಿರುವ ಈ ಜಗಳ ಹೊಸದಲ್ಲ. 1907ರ ಶಾಸನದಂತೆ ಪರದೇಶೀಯನನ್ನು ವರಿಸಿದ ಅಮೆರಿಕನ್ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರ ಕೇಬಲ್ ಶಾಸನ ಇದನ್ನು ತಿದ್ದಿತಾದರೂ, ಪೌರತ್ವಕ್ಕೆ ಅನರ್ಹನಾದ ಪರದೇಶೀಯನನ್ನು ಮದುವೆಯಾದವಳಿಗೆ ಆ ತಿದ್ದುಪಡಿಯ ಲಾಭವಿರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ‘ಬಿಳಿಯರಲ್ಲ’, ಆದ್ದರಿಂದ ಪೌರತ್ವಕ್ಕೆ ಅನರ್ಹರು ಎಂದು ತೀರ್ಪಿತ್ತಿತು. ಅಲ್ಲಿಗೆ ಭಾರತೀಯನ ಕೈ ಹಿಡಿದ ಅಮೆರಿಕನ್ ಹೆಣ್ಣು ತನ್ನ ಹುಟ್ಟೂರಿನಲ್ಲಿಯೇ ಪರದೇಶಿಯಾದಳು. ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸರನ್ನು 1924ರಲ್ಲಿ ವರಿಸಿದ ಮೇರಿ ಕೀಟಿಂಗ್ ಈ ಅನ್ಯಾಯಕ್ಕೆ ಗುರಿಯಾದವರಲ್ಲಿ ಒಬ್ಬರು. ಆಕೆ ಅದನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಪ್ರತಿಭಟಿಸಿದರು. 1931ರಲ್ಲಿ ಆ ವಿಧಿ ತೊಲಗಿತು. ಭಾರತೀಯರಿಗೆ ಪೌರತ್ವದ ಹಕ್ಕು ಬಂದದ್ದು 1946ರಲ್ಲಿ, ವರ್ಷಕ್ಕೆ 100 ಮಂದಿಯ ವಲಸೆಯ ಪಾಲಿನೊಡನೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನಿಕರ ವಧುಗಳನ್ನು ಬರಮಾಡಿಕೊಳ್ಳಲು 1945ರಲ್ಲಿ ಅಮೆರಿಕ ಉದಾರವಾದ ಶಾಸನವೊಂದನ್ನು ಮಾಡಿತು. ಆ ಶಾಸನವನ್ನು ನಂಬಿ ಎಲೆನ್ ನೌಫ್ ಎಂಬಾಕೆ 1948ರ ಆಗಸ್ಟಿನಲ್ಲಿ ನ್ಯೂಯಾರ್ಕಿಗೆ ಬಂದಳು. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಆಶ್ರಯ ಪಡೆದು, ಯುದ್ಧಕಾಲದಲ್ಲಿ ಅಲ್ಲಿಯ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವಳು. ಗಂಡ ಅಮೆರಿಕದ ಮಾಜಿ ಸೈನಿಕ. ಆದರೂ ಆಕೆಯನ್ನು ಎಲ್ಲಿಸ್ ದ್ವೀಪದಲ್ಲಿ ತಡೆದರು. ಕಾರಣ? ರಹಸ್ಯ. ವಿಚಾರಣೆ? ಇಲ್ಲ. 1950ರ ಜನವರಿಯಲ್ಲಿ ಸುಪ್ರೀಂ ಕೋರ್ಟು 4-3ರ ಬಹುಮತದಿಂದ ಸರಕಾರದ ಕ್ರಮವನ್ನು ಎತ್ತಿಹಿಡಿಯಿತು. ಪತ್ರಿಕೆಗಳು ಗದ್ದಲವೆಬ್ಬಿಸಿದವು. ಆ ಮೇ ತಿಂಗಳಲ್ಲಿ ಆಕೆಯನ್ನು ವಿಮಾನಕ್ಕೆ ಹತ್ತಿಸಲು ಕರೆದೊಯ್ದಿದ್ದಾಗ ನ್ಯಾಯಮೂರ್ತಿ ಜಾಕ್ಸನ್ ಕೊನೆಯ ಗಳಿಗೆಯಲ್ಲಿ ತಡೆಯಾಜ್ಞೆ ನೀಡಿದರು. ಕಡೆಗೆ ವಿಚಾರಣೆ ನಡೆದಾಗ ಹೊರಬಿದ್ದದ್ದು ಬರಿಯ ಗಾಳಿಮಾತು. 1951ರ ನವೆಂಬರಿನಲ್ಲಿ ಆಕೆ ಒಳಗೆ ಕಾಲಿಟ್ಟಳು.

ಆಕೆ ಗೆದ್ದಳು, ಆದರೆ ಆಕೆಯ ವಿರುದ್ಧವಾದ ತೀರ್ಪು ಅಳಿಯಲಿಲ್ಲ. ಎಪ್ಪತ್ತನಾಲ್ಕು ವರ್ಷಗಳ ಅನಂತರ ಅದು ಇನ್ನೊಂದು ಸಂಸಾರಕ್ಕೆ ಅಡ್ಡ ಬಂತು. ಲಾಸ್ ಏಂಜಲ್ಸಿನ ವಕೀಲೆ ಸಾಂಡ್ರಾ ಮುನ್ಯೋಸ್ 2010ರಲ್ಲಿ ಎಲ್ ಸಾಲ್ವಡಾರ್ ದೇಶದ ಲೂಯಿಸ್ ಅಸೆನ್ಸಿಯೋ-ಕೊರ್ದೇರೋ ಎಂಬಾತನನ್ನು ಮದುವೆಯಾದರು. ಆತ 2005ರಲ್ಲಿ ಗಡಿ ದಾಟಿ ಬಂದವನು. ದಂಪತಿಗಳು ಕಾಯಿದೆ ಹೇಳಿದಂತೆಯೇ ನಡೆದರು: ವಿನಾಯಿತಿ ಪಡೆದರು, 2015ರಲ್ಲಿ ಆತ ವೀಸಾಕ್ಕಾಗಿ ಸಾನ್ ಸಾಲ್ವಡಾರಿಗೆ ಹೊರಟ. ವೀಸಾ ಬರಲಿಲ್ಲ. ಕಾರಣವನ್ನು ಹೇಳದೆ ಶಾಸನದ ಒಂದು ಉಪವಿಧಿಯನ್ನಷ್ಟೇ ತೋರಿಸಿದರು. ಆತನ ಮೈಮೇಲೆ ಗ್ವಾಡಲೂಪೆಯ ಮಾತೆ, ಸಿಗ್ಮಂಡ್ ಫ್ರಾಯ್ಡ್, ನಾಟಕದ ಮುಖವಾಡಗಳು ಮುಂತಾದ ಹಚ್ಚೆಗಳಿದ್ದವು. ಇವನ್ನು ಕಂಡು ದರೋಡೆಕೋರರ ತಂಡದವನೆಂದು ಬಗೆದಿರಬೇಕೆಂದು ದಂಪತಿಗಳು ಊಹಿಸಿದರು; ಹಾಗಲ್ಲವೆಂದು ತಜ್ಞರಿಂದ ಪ್ರಮಾಣಪತ್ರ ತಂದರು. ಕಾನ್ಸಲ್ ಅಧಿಕಾರಿ ಅವನನ್ನು ಎಂ.ಎಸ್.-13 ಎಂಬ ತಂಡದ ಸದಸ್ಯನೆಂದು ನಂಬಿದ್ದನೆಂಬುದು ಮುಂದೆ ನ್ಯಾಯಾಲಯದಲ್ಲಿ ತಿಳಿದುಬಂತು. 2024ರ ಜೂನ್ 21ರಂದು ಸುಪ್ರೀಂ ಕೋರ್ಟಿನ ಆರು ನ್ಯಾಯಮೂರ್ತಿಗಳು ಸರಕಾರದ ಪರ ನಿಂತರು. ಮದುವೆಯ ಹಕ್ಕು ಬೇರೆ, ಪರದೇಶೀಯ ಪತಿಯನ್ನು ದೇಶದೊಳಗೆ ಕರೆತರುವ ಹಕ್ಕು ಬೇರೆ. ಎರಡನೆಯದು ಸಂವಿಧಾನದ ಮೂಲಭೂತ ಹಕ್ಕಲ್ಲವೆಂದು ನ್ಯಾಯಮೂರ್ತಿ ಬ್ಯಾರೆಟ್ ಬರೆದರು. ಎಲೆನ್ ನೌಫಳ ತೀರ್ಪನ್ನೂ ಅದರಲ್ಲಿ ಉದಾಹರಿಸಿದರು. ನ್ಯಾಯಮೂರ್ತಿ ಸೋಟೋಮೇಯರ್ ಮತ್ತಿಬ್ಬರೊಡನೆ ಭಿನ್ನಮತ ಸಾರಿದರು.

ಇದನ್ನೋದಿ ಅಮೆರಿಕವನ್ನು ಜರೆಯುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಭಾರತದ 1955ರ ಪೌರತ್ವ ಶಾಸನದಂತೆ, ಭಾರತೀಯರನ್ನು ವರಿಸಿ ಏಳು ವರ್ಷ ಇಲ್ಲಿ ನೆಲಸಿದವರು ಪೌರರಾಗಿ ನೋಂದಾಯಿಸಿಕೊಳ್ಳಲು ಅರ್ಜಿ ಹಾಕಬಹುದು; ಆದರೆ 2003ರ ತಿದ್ದುಪಡಿಯ ಅನಂತರ ‘ಅಕ್ರಮ ವಲಸಿಗ’ರಿಗೆ ಆ ದಾರಿಯಿಲ್ಲ. ಇಲ್ಲಿ ಅವಧಿ ಮೀರಿ ಉಳಿದವರೂ ಅಕ್ರಮ ವಲಸಿಗರೇ.

ಬಾಗಿಲು ತೆರೆದ ದಿನಗಳು

ಅಮೆರಿಕದಲ್ಲಿ ಒಂದೆರಡು ಬಾರಿ ಬಾಗಿಲು ಅರೆತೆರೆದದ್ದುಂಟು. ಬೇಲಿ ದಾಟಿದವರೂ ದಂಡ ತೆತ್ತು ದೇಶದೊಳಗೇ ಗ್ರೀನ್ ಕಾರ್ಡು ಪಡೆಯಬಹುದೆಂಬ ವಿಧಿ 1994ರಲ್ಲಿ ಬಂದು, ಮುಗಿದು, 2000ದ ಡಿಸೆಂಬರಿನಲ್ಲಿ ಮತ್ತೆ ಚಿಗುರಿತು. 2001ರ ಏಪ್ರಿಲ್ 30ರೊಳಗೆ ಅರ್ಜಿ ಬಿದ್ದಿರಬೇಕೆಂಬುದು ಕಟ್ಟಳೆ. ಆ ವಸಂತದಲ್ಲಿ ನ್ಯೂಯಾರ್ಕಿನ ವಿವಾಹ ನೋಂದಣಿಯ ಕಚೇರಿಯ ಮುಂದೆ ಜೋಡಿಗಳ ಸಾಲು ಬೀದಿಗೆ ಬಂದಿತ್ತು. ಇಂದಿಗೂ ವಕೀಲರು ಕಕ್ಷಿಗಾರನಲ್ಲಿ, “2001ಕ್ಕೆ ಮುಂಚೆ ನಿಮಗೋ ನಿಮ್ಮ ತಂದೆಗೋ ಯಾರಾದರೂ ಅರ್ಜಿ ಹಾಕಿದ್ದರೇ?” ಎಂದು ಕೇಳುವುದು ಇದಕ್ಕಾಗಿಯೇ. ಆ ಹಳೆಯ ಕಾಗದವೊಂದು ಹೊರಬಿದ್ದರೆ ಕಥೆಯೇ ಬೇರೆ.

ಎರಡನೆಯದು 2024ರದು. ಹತ್ತು ವರ್ಷ ದೇಶದಲ್ಲಿದ್ದು, ಆ ವರ್ಷದ ಜೂನ್ 17ರೊಳಗೆ ಪ್ರಜೆಯನ್ನು ವರಿಸಿದವರಿಗೆ, ಹೊರಗೆ ಹೋಗದೆಯೇ ‘ಒಳಬಂದವರು’ ಎಂಬ ಸ್ಥಾನ ಕೊಡುವ ಯೋಜನೆಯೊಂದನ್ನು ಅಧ್ಯಕ್ಷ ಬೈಡನ್ ಸಾರಿದರು. ಸುಮಾರು 5 ಲಕ್ಷ ದಂಪತಿಗಳಿಗೆ ಇದರಿಂದ ನೆರವಾಗುವುದೆಂದು ಸರಕಾರ ಅಂದಾಜು ಮಾಡಿತ್ತು. ಆಗಸ್ಟ್ 19ರಂದು ಅರ್ಜಿಗಳು ತೆರೆದವು. ಒಂದೇ ವಾರದಲ್ಲಿ ಟೆಕ್ಸಸಿನ ನ್ಯಾಯಾಲಯ ಮಂಜೂರಾತಿಯನ್ನು ತಡೆಯಿತು. ನವೆಂಬರ್ 7ರಂದು ಯೋಜನೆಯನ್ನೇ ರದ್ದುಪಡಿಸಿತು. ಬೆಳಕಿಗೆ ಬರಲು ಹೆದರಿ ವರ್ಷಗಟ್ಟಲೆ ಹುದುಗಿದ್ದವರು ತಮ್ಮ ಹೆಸರು, ವಿಳಾಸ, ಬೆರಳಚ್ಚುಗಳನ್ನು ಸರಕಾರಕ್ಕೆ ತಾವೇ ಕೈಯಾರೆ ಒಪ್ಪಿಸಿ, 580 ಡಾಲರು ಶುಲ್ಕವನ್ನೂ ತೆತ್ತು, ಬರಿಗೈಯಲ್ಲಿ ಉಳಿದರು.

2025ರ ಆಗಸ್ಟಿನಲ್ಲಿ ವಲಸೆ ಇಲಾಖೆ ಹೊಸ ಮಾರ್ಗಸೂಚಿಯನ್ನು ಹೊರಡಿಸಿತು. ಕುಟುಂಬದ ಅರ್ಜಿ ಬಾಕಿಯಿರುವುದಾಗಲಿ ಮಂಜೂರಾಗಿರುವುದಾಗಲಿ ಯಾರನ್ನೂ ಗಡೀಪಾರಿನಿಂದ ಕಾಪಾಡುವುದಿಲ್ಲ, ಅರ್ಹತೆಯಿಲ್ಲವೆಂದು ಕಂಡುಬಂದವರನ್ನು ವಲಸೆ ನ್ಯಾಯಾಲಯಕ್ಕೆ ಎಳೆಯಬಹುದು ಎಂದು ಅದರಲ್ಲಿ ಸ್ಪಷ್ಟಪಡಿಸಿದೆ. ಅರ್ಜಿಯೇ ಆಪತ್ತನ್ನು ಕರೆತರಬಹುದಾದ ಈ ಕಾಲದಲ್ಲಿ, ತಿಳಿದ ವಕೀಲರು ದಂಪತಿಗಳಿಂದ ಮೊದಲು ಯಾವ ಅರ್ಜಿಯನ್ನೂ ಬರೆಸುವುದಿಲ್ಲ. ಗಡಿಯ ದಾಖಲೆಗಳು, ಹಳೆಯ ಆಜ್ಞೆಗಳು, ಬೆರಳಚ್ಚಿನ ಲೆಕ್ಕ, ಎಂದೋ ಒಂದು ರಾತ್ರಿ ಗಸ್ತಿನವರ ಕೈಗೆ ಸಿಕ್ಕು ಹಿಂದಕ್ಕೆ ಕಳುಹಿಸಲ್ಪಟ್ಟಿದ್ದರೆ ಅದರ ಪತ್ರ, ಇವುಗಳ ನಕಲುಗಳನ್ನು ಸರಕಾರದಿಂದ ತರಿಸಿಕೊಂಡು ಓದುತ್ತಾರೆ. ಅದು ಬಂದು ಸೇರಲು ತಿಂಗಳುಗಳಾಗುತ್ತವೆ. ಅಲ್ಲಿಯವರೆಗೆ ಗಂಡ ಎಂದಿನಂತೆ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಡುತ್ತಾನೆ. ವಕೀಲರ ದೂರವಾಣಿ ಸಂಖ್ಯೆಯನ್ನು ಬರೆದ ಚೀಟಿಯೊಂದನ್ನು ಹೆಂಡತಿ ಅವನ ಜೇಬಿನಲ್ಲಿ ಇಟ್ಟಿರುತ್ತಾಳೆ.